ಸಿಪ್ಪೆ ಬಿಚ್ಚಿದ ತೆನೆ

ಹೊಳೆದಂಡೆಯ ಆ ಆಶ್ರಮದಲ್ಲಿ ಇದ್ದವರೇ ಮೂವರು. ಗುರು ರೇವಣಯ್ಯ, ಶಿಷ್ಯ ಶಂಭುಲಿಂಗ, ಅಡುಗೆ ನೋಡಿಕೊಳ್ಳುತ್ತಿದ್ದ ಪುಟ್ಟತಾಯಮ್ಮ. ಈ ಮೂವರಿಗೂ, ಹೇಳದೆ ಕೇಳದೆ ಬಂದುಹೋಗುವವರಿಗೂ ಆಧಾರ ಅಂದರೆ ಹಿತ್ತಲಾಚೆಯ ಒಂದು ತುಂಡು ಮುಸುಕಿನ ಜೋಳದ ಹೊಲ.

ಶಂಭುಲಿಂಗ ಮೊದಲು ಬೇರೊಂದು ಮಠದಲ್ಲಿದ್ದವನು. ಅಲ್ಲಿ ದೀಪ ಹಚ್ಚಿದ ಮೇಲೆ ಪ್ರತಿಯೊಬ್ಬನೂ ತನ್ನ ಮನಸ್ಸನ್ನು ತಡಕಾಡಿ, ಸಿಕ್ಕ ಕೊಳೆಯನ್ನು ಹಿರಿಯರ ಮುಂದೆ ಹೇಳಬೇಕಿತ್ತು. ಮಠ ಬಿಟ್ಟು ಬಂದ. ಅಭ್ಯಾಸ ಮಾತ್ರ ಅವನನ್ನು ಬಿಡಲಿಲ್ಲ.

ಸಂಜೆಯಾಯಿತೋ, ಗುರುಗಳ ಮುಂದೆ ಬಂದು ಕೂತ ಅಂತಲೇ ಲೆಕ್ಕ.

"ಗುರುಗಳೇ, ಇವತ್ತು ಪುಟ್ಟತಾಯಮ್ಮನ ಮೇಲೆ ಸಿಟ್ಟು ಬಂತು."

"ಹ್ಞೂಂ."

"ಸಿಟ್ಟೇ ಬಂದಿಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಅದೊಂದು ಸುಳ್ಳು."

"ಹ್ಞೂಂ. ಊಟಕ್ಕೆ ಏಳು."

ಒಳಗಿನಿಂದ ಪುಟ್ಟತಾಯಮ್ಮ ಕೇಳಿದರು. "ನನ್ನ ಮೇಲೆ ಯಾಕಪ್ಪ ಸಿಟ್ಟು?"

"ಸಾರಿಗೆ ಉಪ್ಪು ಜಾಸ್ತಿಯಾಗಿತ್ತಮ್ಮ."

"ಅದನ್ನ ಹೇಳೋಕೆ ಸಂಜೆತನಕ ಕಾದೆಯಾ? ಆಗಲೇ ಬಾಯಿಬಿಟ್ಟಿದ್ದರೆ ಒಂದು ಚೊಂಬು ನೀರು ಹುಯ್ತಿದ್ದೆ."

ಹೀಗೆ ನಡೆದಿತ್ತು.

ಆ ಸಲ ಜೋಳ ಸೊಗಸಾಗಿ ಎದ್ದಿತು. ಹೊಲ ಕಾಯುವುದನ್ನು ಗುರುಗಳು ಶಂಭುಲಿಂಗನಿಗೆ ಒಪ್ಪಿಸಿದರು.

"ಮುಂದಿನ ಬಿತ್ತನೆಗೂ ಇದರಲ್ಲೇ ಬೀಜ ಹಿಡೀಬೇಕು. ಹುಷಾರು."

ಇವನು ಕಾದ, ತನಗೆ ತಿಳಿದ ಹಾಗೆ ಕಾದ. ಕಾಳಿಗೆ ಹಾಲು ತುಂಬಿದಾಗಿನಿಂದ ಸಾಲುಸಾಲಾಗಿ ನಡೆದು, ಒಂದೊಂದು ತೆನೆಯ ಸಿಪ್ಪೆಯನ್ನೂ ಉಗುರಿನಿಂದ ಸೀಳಿ ಇಣುಕಿ ನೋಡುತ್ತಿದ್ದ. ಒಳಗೆ ಎಲ್ಲಿಯಾದರೂ ಕೊಳೆತಿದ್ದರೆ?

ಹಾಗೆ ಓಡಾಡುವಾಗಲೇ ಹಿಂದಿನ ಬೆಳೆಯ ಚೂಪು ಕೂಳೆಯೊಂದು ಅಂಗಾಲಿಗೆ ಚುಚ್ಚಿತು. ಗಾಯ ಮಾಯಲಿಲ್ಲ. ಊದಿಕೊಂಡಿತು, ಅಂಚು ಬೆಳ್ಳಗಾಯಿತು. ಕುಂಟುವ ಕಾಲಿನಲ್ಲಿ ಹೊಲದ ನಡುವಿನ ನೀರುಗಾಲುವೆ ದಾಟಲಾಗದೆ, ಇನ್ನೂ ಮುಟ್ಟದಿದ್ದ ಆಚೆಯ ಸಾಲುಗಳನ್ನು ಹಾಗೇ ಬಿಟ್ಟ. ಈಚೆಯ ಸಾಲುಗಳನ್ನು ಬಿಡಲಿಲ್ಲ.

ಅಷ್ಟರಲ್ಲಿ ಜಿನುಗುಮಳೆ ಹಿಡಿಯಿತು. ಅದು ನಿಲ್ಲುವ ಹೊತ್ತಿಗೆ ಈಚೆಯ ತೆನೆಗಳಿಗೆ ಬೂಷ್ಟು ಹತ್ತಿತ್ತು. ಬೆಳ್ಳಗೆ, ನಡುನಡುವೆ ತೆಳು ಗುಲಾಬಿ ಬಣ್ಣ.

ಗುರುಗಳು ಅವನನ್ನು ಪೇಟೆಯ ಡಾಕ್ಟರ ಹತ್ತಿರ ಕಳಿಸಿದರು. ಡಾಕ್ಟರು ಗಾಯ ಕೆರೆದು ಪರೀಕ್ಷೆಗೆ ಹಾಕಿ, ಬಟ್ಟೆ ಸುತ್ತಿದರು. ಮತ್ತೆ ಹೋದಾಗ ಬಿಡಿಸಿ ಹೇಳಿದರು.

"ಇದು ಮಣ್ಣಲ್ಲಿರೋ ಬೂಷ್ಟು ಕಣ್ರಿ. ಜೋಳ ಕೊಳೆಸೋದೂ ಇದೇ. ಗಟ್ಟಿ ಚರ್ಮದ ತಂಟೆಗೆ ಬರಲ್ಲ, ಗಾಯ ಸಿಕ್ಕರೆ ನುಗ್ಗುತ್ತೆ. ಮುಲಾಮು ಹಚ್ಚಿ ಬಟ್ಟೆ ಕಟ್ಟಿ. ಪದೇ ಪದೇ ಬಿಚ್ಚಬೇಡಿ."

ಅಷ್ಟು ಮಾತಿನಲ್ಲಿ ಶಂಭುಲಿಂಗನ ಕಿವಿಗೆ ಇಳಿದದ್ದು ಒಂದೇ. ಜೋಳ ಕೊಳೆಸೋದೂ ಇದೇ.

ದಾರಿಯುದ್ದಕ್ಕೂ ಅದನ್ನೇ ಅರೆದ. ತನ್ನೊಳಗೆ ಎಷ್ಟು ಕೆದಕಿದರೂ ಕೊಳೆ ಮುಗಿಯುತ್ತಿರಲಿಲ್ಲವಲ್ಲ, ಅದೇ ಈಗ ಕಾಲಿನಿಂದ ಹೊರಬಿದ್ದು ಹೊಲಕ್ಕೂ ಹತ್ತಿದೆ. ಆಶ್ರಮದ ಅನ್ನ ತನ್ನಿಂದ ಕೆಟ್ಟಿತು. ಅವನಿಗೆ ಅಳುವೂ ಬರಲಿಲ್ಲ. ಸುಮ್ಮನೆ ಸುಸ್ತಾಯಿತು, ಎಲುಬಿನವರೆಗೂ.

ಬಂದವನೇ ಬಟ್ಟೆ ಗಂಟು ಕಟ್ಟಿದ.

"ಎಲ್ಲಿಗೆ?" ಎಂದರು ಗುರುಗಳು.

"ಎಲ್ಲಿಗೋ. ನಾನಿದ್ದರೆ ಇದ್ದಬದ್ದ ಬೀಜವೂ ಹಾಳಾಗುತ್ತೆ. ಅಪ್ಪಣೆ ಕೊಡಿ."

"ಕೊಡ್ತೀನಿ, ಕೂತ್ಕೋ."

ಗುರುಗಳು ಮೊಣಕಾಲು ಹಿಡಿದುಕೊಂಡು ಎದ್ದರು. ಆ ವಯಸ್ಸಿನಲ್ಲಿ ಕೆಸರು ತುಳಿದು ಹೊಲಕ್ಕೆ ಹೋಗಿ, ಎರಡು ತೆನೆ ಮುರಿದು ತಂದರು. ಒಂದು ಕಾಲುವೆಯ ಈಚೆಯದು, ಸೀಳಿದ ಸಿಪ್ಪೆ ಜೋತಾಡುತ್ತಿತ್ತು. ಇನ್ನೊಂದು ಆಚೆಯದು. ಅದನ್ನು ಪುಟ್ಟತಾಯಮ್ಮನ ಕೈಗೆ ಕೊಟ್ಟರು.

"ಬಿಚ್ಚಮ್ಮ."

ಅವರು ಸಿಪ್ಪೆ ಎಳೆದರು. ಬುಡದಿಂದ ತುದಿಯವರೆಗೆ ಹಳದಿ ಕಾಳು, ಒಂದು ಚುಕ್ಕೆಯಿಲ್ಲ.

"ಬೀಜಕ್ಕೆ ಆಚೆಯದು ಸಾಕು ಬಿಡಿ," ಎಂದರು ಪುಟ್ಟತಾಯಮ್ಮ.

"ನೋಡಿದಿರಾ?" ಶಂಭುಲಿಂಗ ತಲೆ ತಗ್ಗಿಸಿದ. "ಅಲ್ಲಿಗೆ ನಾನು ಕಾಲಿಡಲಿಲ್ಲ. ಅದಕ್ಕೇ ಚೆನ್ನಾಗಿದೆ."

ಗುರುಗಳು ಇನ್ನೊಂದು ತೆನೆಯ ಸೀಳಿನ ಮೇಲೆ ಬೆರಳಿಟ್ಟರು. "ಇದು ಯಾರ ಉಗುರು?"

"ನಂದೇ. ಕೊಳೆತಿದೆಯೋ ಏನೋ ಅಂತ ನೋಡಿದೆ."

"ಕೊಳೆತಿತ್ತಾ?"

"ಆಗ ಇರಲಿಲ್ಲ. ಮಾರನೆಯ ದಿನ ನೋಡಿದಾಗಲೂ ಇರಲಿಲ್ಲ. ಮಳೆ ಬಂದ ಮೇಲೆ ಇತ್ತು."

"ಕಾಲು?"

ಶಂಭುಲಿಂಗ ಕಾಲನ್ನು ಪಂಚೆಯೊಳಗೆ ಎಳೆದುಕೊಂಡ. "ಬೆಳಿಗ್ಗೆ ಪೇಟೆಗೆ ಹೊರಡೋ ಮುಂಚೆ ಒಂದು ಸಲ ಬಿಚ್ಚಿ ನೋಡಿದೆ."

"ಒಂದು ಸಲವಂತೆ," ಎಂದರು ಪುಟ್ಟತಾಯಮ್ಮ. "ನಾನು ರೊಟ್ಟಿ ತಟ್ಟಿ ಏಳೋದರೊಳಗೆ ನೀನು ಎಷ್ಟು ಸಲ ಬಿಚ್ಚಿದೆ, ಎಷ್ಟು ಸಲ ಕಟ್ಟಿದೆ. ಆ ಗಾಯಕ್ಕಾದರೂ ಬೇಜಾರಾಗಲ್ವಾ?"

ಗುರುಗಳು ಕೆಸರು ಮೆತ್ತಿದ ತಮ್ಮ ಪಾದವನ್ನು ಚಾಚಿದರು.

"ಆ ಬೂಷ್ಟು ಇಲ್ಲೂ ಇದೆ. ಈ ಮಣ್ಣು ತುಳಿಯೋರೆಲ್ಲರ ಕಾಲಲ್ಲೂ ಇದೆ. ನೀನು ತಂದದ್ದಲ್ಲ."

"ಹಾಗಾದರೆ ನಾನು ಮಾಡಿದ್ದೇನು?"

ಗುರುಗಳು ಎದ್ದು ಹಿತ್ತಲಿಗೆ ಹೋದರು. ಕೈಕಾಲು ತೊಳೆದು ಬಂದರು. ಅವನ ಬಟ್ಟೆಗಂಟನ್ನು ಎಳೆದುಕೊಂಡು, ಅದರ ಮೇಲೆ ಅವನ ಹಿಮ್ಮಡಿ ಇರಿಸಿ, ಗಾಯ ಒರೆಸಿ ಮುಲಾಮು ಹಚ್ಚಿದರು. ಶುಭ್ರವಾದ ಬಟ್ಟೆ ಸುತ್ತತೊಡಗಿದರು.

"ನನಗೆ ಸುಸ್ತಾಗಿದೆ ಗುರುಗಳೇ."

"ಗೊತ್ತು. ದಿನಾ ಸಂಜೆ ಕೇಳಿ ಕೇಳಿ ನನಗೂ ಆಗಿದೆ."

ಶಂಭುಲಿಂಗನ ಮುಖದಲ್ಲಿ ನಗುವಿನಂಥದ್ದೇನೋ ಬಂದು ಹೋಯಿತು. ಆದರೆ ಕೈ ತಾನಾಗಿ ಕಾಲಿಗೆ ಸುತ್ತುತ್ತಿದ್ದ ಬಟ್ಟೆಯ ಕಡೆಗೇ ಹೋಗುತ್ತಿತ್ತು. ಗುರುಗಳು ಆ ಕೈಯನ್ನು ಮೆಲ್ಲಗೆ ಸರಿಸಿದರು.

"ನೋಡದೇ ಇದ್ದರೆ ಹೇಗೆ ಗುರುಗಳೇ? ಒಳಗೆ ಕೊಳೀತಿದೆಯೋ ಮಾಯುತ್ತಿದೆಯೋ, ಏನಂತ ನಂಬಿಕೊಂಡು ಇರಲಿ?"

ಗುರುಗಳು ಗಂಟು ಬಿಗಿದು ಅವನ ಮುಖ ನೋಡಿದರು.

"ನೀನು ಬಂದು ಇಷ್ಟು ವರ್ಷವಾಯಿತು. ನಾನು ಒಂದು ದಿನವಾದರೂ ನಿನ್ನನ್ನ ಬಿಚ್ಚಿ ನೋಡಿದ್ದೀನಾ?"