ಗೋರಿಯ ಬದಿಯ ಆರನೆಯ ಮಗು

"ಗುರುಗಳೇ, ನನ್ನ ತಂಗಿಯ ಎರಡನೆಯ ಮಗು, ಗಂಡು, ಹನ್ನೊಂದು ದಿನ ಬದುಕಿ ತೀರಿಕೊಂಡಿತು. ಅದಾಗಿ ಮೂರು ವರ್ಷ. ಈಗಲೂ ಎಷ್ಟು ಮಕ್ಕಳಮ್ಮ ಎಂದು ಯಾರಾದರೂ ಕೇಳಿದರೆ ಇಬ್ಬರು ಎನ್ನುತ್ತಾಳೆ. ಇರುವುದು ಒಂದೇ. ಮನೆಯವರಿಗೆ ಮುಜುಗರ. ನಾನೂ ಹೋಗಿ ಬುದ್ಧಿ ಹೇಳಿ ಬಂದೆ, ಕೇಳಲಿಲ್ಲ. ಅವಳಿಗೆ ತಿಳಿಸಿ ಹೇಳುವುದು ಹೇಗೆ?"

ಹೀಗೆಂದು ಶಿಷ್ಯನೊಬ್ಬ ಕೇಳಿದ. ಗುರುಗಳು ಹಿಂದೆ ಒಬ್ಬ ಪಾದ್ರಿಯಿಂದ ಕೇಳಿದ್ದ ಈ ಕತೆಯನ್ನು ಹೇಳಿದರು.

ಇಂಗ್ಲೆಂಡಿನ ಒಂದು ಹಳ್ಳಿಯಲ್ಲಿ ಒಬ್ಬ ಪ್ರಭು ಇದ್ದ. ಅಲ್ಲಿ ದೊಡ್ಡ ಮನೆತನದವರನ್ನು ಊರಿನ ಚರ್ಚಿನ ಒಳಗೇ ಹೂಳುತ್ತಿದ್ದರು. ಹೂಳಿದ ಜಾಗದ ಮೇಲೆ ಕಲ್ಲಿನ ಗೋರಿ. ಗೋರಿಯ ಮೇಲೆ ಗಂಡ ಹೆಂಡತಿ ಕೈಮುಗಿದು ಮಲಗಿರುವ ಮೂರ್ತಿಗಳು. ಕೆಳಗೆ ಗೋರಿಯ ಬದಿಯಲ್ಲಿ ಅವರ ಮಕ್ಕಳು ಸಾಲಾಗಿ ಮೊಣಕಾಲೂರಿ ಕುಳಿತ ಸಣ್ಣ ಸಣ್ಣ ಮೂರ್ತಿಗಳು. ನೋಡಿದವರಿಗೆ ಸಂಸಾರ ಎಷ್ಟು ದೊಡ್ಡದೆಂದು ತಿಳಿಯಬೇಕು.

ತಾನು ಸತ್ತ ಮೇಲೆ ಮಕ್ಕಳು ಇದನ್ನೆಲ್ಲ ಸರಿಯಾಗಿ ಮಾಡಿಸುತ್ತಾರೆಂಬ ನಂಬಿಕೆ ಪ್ರಭುವಿಗೆ ಇರಲಿಲ್ಲ. ಬದುಕಿರುವಾಗಲೇ ಗೋರಿ ಮಾಡಿಸಲು ಹೊರಟ. ಪಟ್ಟಣದಿಂದ ಬಂದ ಶಿಲ್ಪಿ ಕಾಗದದ ಮೇಲೆ ಚಿತ್ರ ಬರೆದು ತೋರಿಸಿದ. ಪ್ರಭು ಅದನ್ನು ನೋಡಿ ಹೊಟ್ಟೆಯನ್ನು ಕಡಿಮೆ ಮಾಡಿಸಿದ, ಗಡ್ಡವನ್ನು ಹೆಚ್ಚು ಮಾಡಿಸಿದ. ಸತ್ತು ಮಲಗುವುದಕ್ಕೂ ಠೀವಿ ಬೇಕಲ್ಲ! ಆಮೇಲೆ ಹೆಂಡತಿಯನ್ನೂ ಶಿಲ್ಪಿಯನ್ನೂ ಕರೆದುಕೊಂಡು ಜಾಗ ಅಳೆಸಲು ಚರ್ಚಿಗೆ ಹೋದ.

"ಮಕ್ಕಳು ಎಷ್ಟು?" ಎಂದು ಶಿಲ್ಪಿ ಕೇಳಿದ.

"ಐದು," ಎಂದ ಪ್ರಭು.

"ಆರು," ಎಂದಳು ಹೆಂಡತಿ.

ಕೊನೆಯ ಮಗು ಹುಟ್ಟಿದ ಒಂಬತ್ತನೆಯ ದಿನ ತೀರಿಕೊಂಡಿತ್ತು. ಹನ್ನೆರಡು ವರ್ಷಗಳಿಂದ ಆ ಮನೆಯಲ್ಲಿ ಯಾರೂ ಅದರ ಮಾತೆತ್ತಿರಲಿಲ್ಲ. ಪ್ರಭುವಿನ ಮುಖ ಕೆಂಪಾಯಿತು.

"ಸಾಲಿನಲ್ಲಿ ಐದಕ್ಕಷ್ಟೇ ಜಾಗ. ಇನ್ನೊಂದು ಬೇಕಾದರೆ ಚಿತ್ರದಲ್ಲಿ ಸಾಲಿನ ಕೊನೆಗಿರುವ ವಂಶದ ಲಾಂಛನವನ್ನು ತೆಗೆಯಬೇಕು. ಒಂಬತ್ತು ದಿನದ ಕೂಸಿಗಾಗಿ ಮುನ್ನೂರು ವರ್ಷದ ಲಾಂಛನ ಬಿಡಲೇ?"

ಹೆಂಡತಿ ದನಿ ಏರಿಸಲಿಲ್ಲ. "ಬಿಡಬೇಡಿ. ಆದರೆ ನಿಮ್ಮ ಪಕ್ಕದಲ್ಲಿ ನನ್ನನ್ನು ಮಲಗಿಸಬೇಡಿ. ನಾನು ಆರು ಹೆತ್ತವಳು. ಐದು ಹೆತ್ತವಳು ಯಾರೋ, ಅವಳನ್ನು ಹುಡುಕಿ ಕೆತ್ತಿಸಿಕೊಳ್ಳಿ."

ಪ್ರಭು ಬಾಗಿಲ ಕಡೆಗೆ ನಡೆದ. ಹೊರಗೆ ಮಾತ್ರ ಹೋಗಲಿಲ್ಲ. ಬೆನ್ನು ತಿರುಗಿಸಿ ಹೊಸ್ತಿಲಲ್ಲೇ ನಿಂತ.

ಶಿಲ್ಪಿಗೆ ಇಕ್ಕಟ್ಟಾಯಿತು. ಯಾರ ಮಾತು ನಡೆಸಬೇಕು? ಅವನು ಕಲ್ಲು ಕೆತ್ತುವವನು, ಗಂಡ ಹೆಂಡಿರ ನ್ಯಾಯ ತೀರಿಸುವವನಲ್ಲ. ಆದ್ದರಿಂದ ತನ್ನ ಕೆಲಸಕ್ಕೆ ಬೇಕಾದದ್ದನ್ನಷ್ಟೇ ಕೇಳಿದ.

"ಅಮ್ಮಾ, ಮಗುವಿನ ಮುಖ ಹೇಗಿತ್ತು?"

ಮಗು ತೀರಿಕೊಂಡಾಗ ಅವಳಿಗೆ ಸಮಾಧಾನ ಹೇಳಿದವರು ಬಹಳ ಜನ. ದೇವರ ಇಚ್ಛೆ ಎಂದವರಿದ್ದರು, ಇನ್ನೂ ಐದಿವೆಯಲ್ಲ ಎಂದವರಿದ್ದರು. ಈ ಮಾತನ್ನು ಮಾತ್ರ ಹನ್ನೆರಡು ವರ್ಷಗಳಲ್ಲಿ ಯಾರೂ ಕೇಳಿರಲಿಲ್ಲ. ಅವಳು ಬೆಂಚಿನ ಮೇಲೆ ಕುಳಿತು ಹೇಳತೊಡಗಿದಳು. ನಿದ್ದೆಯಲ್ಲಿ ಹುಬ್ಬು ಗಂಟಿಕ್ಕುತ್ತಿತ್ತಂತೆ, ಯಾರ ಮೇಲೋ ಸಿಟ್ಟು ಬಂದವರ ಹಾಗೆ. ಗಲ್ಲದಲ್ಲಿ ಸಣ್ಣ ಕುಳಿ ಇತ್ತಂತೆ. ಎಡಗಿವಿಯ ಅಂಚು ಮಡಚಿಕೊಂಡಿತ್ತಂತೆ. ಶಿಲ್ಪಿ ಒಂದೊಂದನ್ನೇ ಕಾಗದದಲ್ಲಿ ಬರೆದುಕೊಂಡ.

"ಎಡಗಿವಿ ಅಲ್ಲ, ಬಲಗಿವಿ."

ಮಾತು ಬಾಗಿಲಿನಿಂದ ಬಂದಿತ್ತು. ಪ್ರಭು ಇನ್ನೂ ಈ ಕಡೆಗೆ ತಿರುಗಿರಲಿಲ್ಲ. ಅವನ ಹೆಗಲು ಅಲುಗುತ್ತಿತ್ತು. ಹೆಂಡತಿ ಎದ್ದು ಹೋಗಿ ಪಕ್ಕದಲ್ಲಿ ನಿಂತಳು. ಹನ್ನೆರಡು ವರ್ಷ ಒಬ್ಬರಿಗೊಬ್ಬರು ತೋರಿಸದೆ ನುಂಗಿಕೊಂಡದ್ದನ್ನು ಇಬ್ಬರೂ ಅಲ್ಲಿ ಅತ್ತು ತೀರಿಸಿದರು.

ಗೋರಿ ಸಿದ್ಧವಾಯಿತು. ಅದರಲ್ಲಿ ಲಾಂಛನ ಇರಲಿಲ್ಲ. ಅದರ ಜಾಗದಲ್ಲಿ ಬಟ್ಟೆ ಸುತ್ತಿದ ಒಂದು ಕೂಸು ಇತ್ತು. ನೋಡಲು ಬಂದ ನೆಂಟರು ಮೂಗು ಮುರಿದರು. ಪ್ರಭು ಅದನ್ನು ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ಅಷ್ಟು ಹಟ ಹಿಡಿದು ಮಾಡಿಸಿದ ತನ್ನ ಮೂರ್ತಿಯನ್ನೂ ಅವನು ಹೆಚ್ಚು ನೋಡಲಿಲ್ಲ. ಭಾನುವಾರ ಪ್ರಾರ್ಥನೆ ಮುಗಿದು ಎಲ್ಲರೂ ಮನೆಗೆ ಹೋದ ಮೇಲೆ ಹೆಂಡತಿಯೊಡನೆ ಆ ಕೂಸಿನ ಎದುರು ಸ್ವಲ್ಪ ಹೊತ್ತು ಕುಳಿತು ಹೋಗುತ್ತಿದ್ದ.

ಗುರುಗಳು ಇಲ್ಲಿಗೆ ನಿಲ್ಲಿಸಿದರು.

"ಅರ್ಥವಾಯಿತು ಗುರುಗಳೇ," ಎಂದ ಶಿಷ್ಯ. "ಇನ್ನು ಅವಳು ಇಬ್ಬರು ಎಂದರೆ ನಾನು ತಡೆಯುವುದಿಲ್ಲ."

ಗುರುಗಳು ಕೇಳಿದರು: "ನಿನ್ನ ಸೋದರಳಿಯನ ಮುಖ ಹೇಗಿತ್ತು?"