ಕಾಲು ಚಾಚಿದ ಕಡೆಯೇ ಮುಂದೆ

ಕೂತವರು ಕೇಳಿ, ನಿಂತವರು ಕೂತು ಕೇಳಿ. ಒಂದೂರಲ್ಲಿ ಹೊಂಬಾಳಮ್ಮ, ಅವಳಿಗೊಬ್ಬ ಮಗ ಚಿಕ್ಕಬೋರ. ಆಳು ಆರಡಿ, ಬುದ್ಧಿ ಬೆರಳುದ್ದ. ಮಂಡಿನೋವು ನುಂಗಿಕೊಂಡು, ನಾಲ್ಕು ಮನೆ ಮುಸುರೆ ತಿಕ್ಕಿ ಅವಳೇ ಅವನನ್ನು ಸಾಕುತ್ತಿದ್ದಳು. ಕೊನೆಗೆ ಕಾಡಿ ಬೇಡಿ ಕಾಲೇಜಿನ ಲ್ಯಾಬಿನಲ್ಲಿ ಕೆಲಸ ಕೊಡಿಸಿದಳು. ಮೂರು ದಿನ ನೆಟ್ಟಗೆ ಮಾಡಿದರೆ ಕಾಯಂ.

"ಮೇಡಂ ಹೇಳ್ದಂಗೇ ಮಾಡೋ ಮಗನೆ! ಈ ಕೆಲಸ ಕಾಯಂ ಆದ್ರೆ ನಾನು ಕಾಲು ಚಾಚಿ ಕೂತ್ಕೋತೀನಿ."

"ಆಗ್ಲಿ ಕಣವ್ವ!"

ಮೊದಲ ದಿನ ಲ್ಯಾಬಿನ ವಿಮಲಾಕ್ಷಿ ಮೇಡಂ ಒಂದು ಸೀಸೆ ಕೆರೆನೀರು ಕೊಟ್ಟರು. "ಇದರಲ್ಲಿ ಪ್ಯಾರಮೀಸಿಯಂ ಇದೆ. ಒಂದೇ ಜೀವಕೋಶದ ಪ್ರಾಣಿ, ಥೇಟ್ ಚಪ್ಪಲಿ ಥರ. ಅದರ ಜಾಗದಲ್ಲಿಡು."

ಚಪ್ಪಲಿ ಜಾಗ ಯಾವುದು? ಬಾಗಿಲಾಚೆ! ಹುಡುಗರ ಚಪ್ಪಲಿಗಳ ಸಾಲಿನಲ್ಲಿಟ್ಟ. ಯಾರೋ ಎಡವಿದರು, ಅರ್ಧ ನೀರು ಚೆಲ್ಲಿತು.

"ಅಯ್ಯೋ ಪೆದ್ದಾ! ಅದು ಮೆಟ್ಟೋದಲ್ಲ, ಉಣ್ಣೋ ಪ್ರಾಣಿ! ಅದಕ್ಕೂ ಬಾಯಿದೆ, ಪಕ್ಕದಲ್ಲಿ!"

"ಬಾಯಿ ಪಕ್ಕದಲ್ಲಿ. ಗೊತ್ತಾಯ್ತು ಮೇಡಂ!"

ಎರಡನೇ ದಿನ ಪರವೂರಿನ ಪ್ರೊಫೆಸರೊಬ್ಬರು ಬಂದರು. ಕಾಫಿ ಕೊಡು ಅಂದರು ಮೇಡಂ. ಬೋರ ಹೋದವನೇ ಲೋಟವನ್ನು ಅವರ ಪಕ್ಕೆಗೆ ಒತ್ತಿ ಬಗ್ಗಿಸಿದ.

"ಅಯ್ಯಯ್ಯೋ, ಸುಡ್ತು!"

"ಕುಡೀರಿ ಸಾರ್, ಕುಡೀರಿ!"

ಮೇಡಂ ಓಡಿ ಬಂದರು. "ಎಲ್ಲರ ಬಾಯೂ ಪಕ್ಕದಲ್ಲಿರುತ್ತೇನೋ? ಅಮೀಬಾಗೆ ಬಾಯೇ ಇಲ್ಲ, ಹಿಂದುಮುಂದೂ ಇಲ್ಲ. ಕಾಲು ಚಾಚಿದ ಕಡೆಯೇ ಮುಂದೆ! ಇನ್ನು ಏನು ಮಾಡೋಕೂ ಮೊದಲು ಮುಂದೆ ಯಾವುದು ನೋಡ್ಕೋ!"

"ನೋಡ್ಕೋತೀನಿ ಮೇಡಂ!"

ಮೂರನೇ ದಿನ ಪ್ರಿನ್ಸಿಪಾಲರೇ ಬರುವವರು. ಕಾಯಂ ಮಾಡಬೇಕಾದವರೂ ಅವರೇ. ಬೋರನ ಕೈಗೆ ಹಾರ ಕೊಟ್ಟು "ಮುಂದಿನಿಂದ ಹಾಕಪ್ಪ" ಅಂದರು ಮೇಡಂ. ಕಾರು ನಿಂತಿತು. ಬಾಗಿಲು ತೆರೆಯಿತು. ಮೊದಲು ಒಂದು ಕಾಲು ಹೊರಗೆ ಚಾಚಿತು. ಬೋರ ಅದಕ್ಕೇ ಹಾರ ಹಾಕಿದ! ಪ್ರಿನ್ಸಿಪಾಲರು ತೊಡರಿಕೊಂಡು ಬೋರಲು ಬಿದ್ದರು.

"ಚಪ್ಪಲಿ ಹಾರ ಕೇಳಿದ್ದೆ, ಚಪ್ಪಲಿಗೇ ಹಾರ ಇವತ್ತು ನೋಡಿದೆ! ತೊಲಗು, ನಿನಗಿಲ್ಲಿ ಕೆಲಸವಿಲ್ಲ!"

ಮೇಡಂ ಹಣೆ ಚಚ್ಚಿಕೊಂಡರು. "ಅಮೀಬಾ ಕಾಲು ಚಾಚೋದು ಅನ್ನ ಹಿಡಿಯೋಕೆ ಕಣೋ, ಹಾರ ಹಾಕಿಸ್ಕೊಳ್ಳೋಕಲ್ಲ!"

"ಕಾಲಿಗೆ ಹಾರ ಅಲ್ಲ, ಅನ್ನ. ಇದನ್ನ ಮೊದ್ಲೇ ಹೇಳ್ಬಾರ್ದಾ ಮೇಡಂ!"

ಕೆಲಸ ಹೋಯಿತೆಂದು ಕೇಳಿ ಹೊಂಬಾಳಮ್ಮ ನಡುಮನೆಯಲ್ಲೇ ಕುಸಿದಳು. ಎರಡೂ ಕಾಲು ಚಾಚಿ ಗೋಳೋ ಎಂದು ಅತ್ತಳು. ಬೋರ ನೋಡಿದ. ಪಾಪ, ಅವ್ವ ಬೆಳಗಿನಿಂದ ಏನೂ ಉಂಡಿಲ್ಲ! ಒಳಗೋಡಿ ಬಿಸಿಮುದ್ದೆ ಮುರಿದ, ಸೊಪ್ಪಿನ ಸಾರಿನಲ್ಲಿ ಅದ್ದಿದ, ಅವಳ ಬಲಗಾಲಿಗೊಂದು ತುತ್ತು, ಎಡಗಾಲಿಗೊಂದು ತುತ್ತು ಮೆತ್ತಿದ.

"ಅಳಬ್ಯಾಡ ಕಣವ್ವ, ಉಣ್ಣು! ಎಲ್ಡೂ ಕಡೆಯಿಂದ ಉಣ್ಣು!"