ರಥಶಾಲೆಯ ಪಾಯಕ್ಕೆ ಸಾವಿರ ವರಹ

"ಕೇಳಿರಿ ಜನರೇ! ದೊರೆಗಳ ಹೊಸ ರಥಶಾಲೆಯ ಪಾಯಕ್ಕೆ ಗುತ್ತಿಗೆದಾರ ಸಂಗನಬಸಪ್ಪ ಸಾವಿರ ವರಹ ಕೇಳಿದ್ದಾನೆ. ಅದು ನ್ಯಾಯವೋ ಮೋಸವೋ ಹೇಳಬಲ್ಲವರು ಅರಮನೆಗೆ ಬರಲಿ. ಮೂರು ಒಗಟು ಬಿಡಿಸಿದವರಿಗೆ ಕೇಳಿದ್ದು ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಯ ದಿನ ಹೋಗುತ್ತದೆ!"

ಎರೆಹಾಳದ ಓಣಿ ಓಣಿಯಲ್ಲೂ ಡಂಗುರ ಸಾರಿದರು. ದೊರೆ ಕೆಂಚನಾಯಕನಿಗೆ ಪಾಯದ ಮೇಲೆ ಇದ್ದಕ್ಕಿದ್ದಂತೆ ಅಕ್ಕರೆ ಹುಟ್ಟಲು ಕಾರಣವಿತ್ತು. ಅದೇ ಜಾಗದಲ್ಲಿದ್ದ ಹಿಂದಿನ ರಥಶಾಲೆಯ ಗೋಡೆ ಮೊದಲ ಮಳೆಗಾಲಕ್ಕೇ ಸೀಳಿ ಬಿದ್ದು, ಅವನ ಮುದ್ದಿನ ಬಿಳಿ ಕುದುರೆಗಳೆರಡೂ ಸತ್ತಿದ್ದವು. ಆ ಪಾಯದ ಗುತ್ತಿಗೆ ಹಿಡಿದಿದ್ದ ದುರುಗಪ್ಪ ಸೆರೆಯಲ್ಲಿದ್ದ. ಅವನ ತಲೆಗೂ ಅದೇ ಅಮಾವಾಸ್ಯೆ ನಿಗದಿಯಾಗಿತ್ತು.

ದುರುಗಪ್ಪನ ತಂಗಿ ಹುಲಿಗೆವ್ವ ಮಣ್ಣು ಹೊರುವವಳು. ಡಂಗುರ ಕಿವಿಗೆ ಬಿದ್ದದ್ದೇ ತಡ, ಬುಟ್ಟಿ ಇಳಿಸಿ ಸೆರಗು ಸಿಕ್ಕಿಸಿದಳು. "ಅಣ್ಣನ್ನ ಕರ್ಕೊಂಡೇ ಬರ್ತೀನಿ, ಒಲಿ ಹಚ್ಚು" ಎಂದು ಅತ್ತಿಗೆಗೆ ಹೇಳಿ ನಡೆದೇಬಿಟ್ಟಳು.

ಅವಳಿಗಿಂತ ಮುಂಚೆ ಒಬ್ಬ ಜೋಯಿಸರೂ ಒಬ್ಬ ಮುತ್ತಿನ ವ್ಯಾಪಾರಿಯೂ ಬಂದು ನಿಂತಿದ್ದರು. ಇಬ್ಬರೂ ಜನ್ಮದಲ್ಲಿ ಗುದ್ದಲಿ ಮುಟ್ಟಿದವರಲ್ಲ.

ದೊರೆ ಮೊದಲ ಒಗಟು ಹಾಕಿದ. "ಎಲ್ಲರನ್ನೂ ಹೊರುತ್ತಾನೆ, ತಾನು ಮುಖ ತೋರಿಸುವುದಿಲ್ಲ. ಹೊಟ್ಟೆಗೆ ಕಡಿಮೆ ಹಾಕಿದರೆ ಆಗ ಸುಮ್ಮನಿದ್ದು, ಮಳೆಗಾಲದಲ್ಲಿ ಸೇಡು ತೀರಿಸಿಕೊಳ್ಳುತ್ತಾನೆ. ಯಾರವನು?"

"ಶನಿ ಮಹಾತ್ಮ!" ಎಂದರು ಜೋಯಿಸರು. ಭಟರು ಅವರನ್ನು ಸೆರೆಗೆ ಎಳೆದೊಯ್ದರು.

"ಪಾಯ" ಎಂದ ವ್ಯಾಪಾರಿ.

"ಪಾಯನ ರೀ" ಎಂದಳು ಹುಲಿಗೆವ್ವ.

ದೊರೆ ತಲೆಯಾಡಿಸಿ ಎರಡನೆಯದು ಕೇಳಿದ. "ತೆಗೆದಷ್ಟೂ ಬೆಳೆಯುವುದು ಗುಂಡಿ, ಅದು ಮಕ್ಕಳಿಗೂ ಗೊತ್ತು. ತೆಗೆದದ್ದು ಸಾಕು ಎಂದು ಹೇಳುವ ಹಕ್ಕು ಯಾರಿಗಿದೆ?"

ವ್ಯಾಪಾರಿ ಕೈಮುಗಿದು ಹಲ್ಲು ಕಿರಿದ. "ದೊರೆಗಳಿಗೆ, ಮತ್ತ್ಯಾರಿಗೆ?" ಅವನನ್ನೂ ಎಳೆದೊಯ್ದರು. ಹೊಗಳಿ ಕೆಟ್ಟವನನ್ನು ಆ ಸಭೆ ಅಂದೇ ಮೊದಲು ಕಂಡಿತು.

ಹುಲಿಗೆವ್ವ ಒಂದು ಹೆಜ್ಜೆ ಮುಂದೆ ಬಂದಳು. "ನೆಲಕ್ಕ, ದೊರಿ. ಎರಿಮಣ್ಣು ಮಳಿಗೆ ಉಬ್ಬತೈತಿ, ಬಿಸಲಿಗೆ ಬಿರಿತೈತಿ. ಅದರ ಮ್ಯಾಲೆ ಕಲ್ಲು ಇಟ್ರ ನಿಲ್ಲೂದಿಲ್ಲ. ಕೆಳಗ ಗಟ್ಟಿ ಗರಸಿನ ನೆಲ ಇರತೈತಿ. ಕಬ್ಬಿಣದ ಹಾರಿ ಹಾಕಿದಾಗ ಖಣ್ ಅಂತು ಅಂದ್ರ ಸಾಕು ಅಂದಂಗ."

"ಸರಿ. ಕೊನೆಯದು. ಗಟ್ಟಿ ನೆಲ ಸಿಗುವವರೆಗೆ ಅಗೆಯುತ್ತೇನೆಂದು ಸಂಗನಬಸಪ್ಪ ಸಾವಿರ ಕೇಳುತ್ತಾನೆ. ಅದೇ ರಥಶಾಲೆಯ ಪಾಯವನ್ನು ಐದುನೂರಕ್ಕೆ ಮಾಡುತ್ತೇನೆ ಎನ್ನುವವನೂ ಇದ್ದಾನೆ. ಕಳ್ಳ ಯಾರು?"

ಅಗೆದು ನೋಡಿ ಹೇಳುತ್ತೇನೆ ಎಂದಳು ಹುಲಿಗೆವ್ವ. ಮೂರು ದಿನ, ಒಂದು ಹಾರಿ, ಇಬ್ಬರು ಆಳು ಕೇಳಿದಳು. ಬಿದ್ದ ಗೋಡೆಯ ಮಗ್ಗುಲಲ್ಲೇ ಗುಂಡಿ ತೋಡಿದಳು. ಅಂಗೈ ಬೊಬ್ಬೆ ಒಡೆದರೂ ಹಾರಿಯನ್ನು ಆಳುಗಳ ಕೈಗೆ ಬಿಡಲಿಲ್ಲ. ಮೂರನೆಯ ಮಧ್ಯಾಹ್ನ ಒಳಗಿನಿಂದ ಖಣ್ ಎಂದಿತು. ದೊರೆಯೇ ಬಂದು ಬಗ್ಗಿ ನೋಡಿದ.

"ಅಳದು ನೋಡ್ರಿ. ಗರಸು ಒಂಬತ್ತು ಮೊಳಕ್ಕ ಐತಿ. ಸಂಗನಬಸಪ್ಪ ಅಲ್ಲೀತನಾ ಅಗದು, ಅಲ್ಲಿಂದ ಕಲ್ಲು ಕಟ್ಕೊಂಡು ಬರ್ತೀನಿ ಅಂದಾನ. ಅದಕ್ಕ ಸಾವಿರ ನ್ಯಾಯ, ಒಂದು ವರಹ ಹೆಚ್ಚಿಲ್ಲ. ಹಳೇ ಪಾಯ ನೋಡ್ರಿ, ನಾಲ್ಕೂವರಿ ಮೊಳಕ್ಕ ನಿಂತೈತಿ. ಐದುನೂರಕ್ಕ ಬರೂದು ಅಷ್ಟ. ಇಬ್ರೂ ಕಳ್ಳರಲ್ಲ."

"ಹಾಗಾದರೆ?"

ಹುಲಿಗೆವ್ವ ಗುಂಡಿಯಿಂದಲೇ ತಲೆ ಎತ್ತಿದಳು. "ನಮ್ಮಣ್ಣನೂ ಮೊದಲು ಸಾವಿರನ ಕೇಳಿದ್ದ, ಒಂಬತ್ತು ಮೊಳ ಬೇಕು ಅಂದಿದ್ದ. ಅದನ್ನ ಅರ್ಧ ಮಾಡಿದವ್ರು ಯಾರು, ದೊರಿ?"

ಭಟರು ಕತ್ತಿಯ ಹಿಡಿಗೆ ಕೈ ಹಾಕಿದರು. ದೊರೆ ಅವರನ್ನು ಕೈಸನ್ನೆಯಿಂದ ತಡೆದ. ಆಮೇಲೆ "ನಾನೇ" ಎಂದ. ಎಂದು, ಅವಳನ್ನು ಮೇಲೆತ್ತಲು ತಾನೇ ಕೈ ಚಾಚಿದ.

ಏನು ಬೇಕು ಎಂದು ಕೇಳಿದಾಗ ಅವಳು ಅಣ್ಣನನ್ನು ಕೇಳಿದಳು. ಆ ಇಬ್ಬರು ಪೆದ್ದರನ್ನೂ ಬಿಡಿ, ಹೆಂಡಿರು ಮಕ್ಕಳು ಅಳುತ್ತಿದ್ದಾರೆ ಎಂದಳು. ದೊರೆ ಒಪ್ಪಿದ. ಜೊತೆಗೆ, ಹುಲಿಗೆವ್ವ ಗುಂಡಿಗಿಳಿದು ಹೂಂ ಅನ್ನುವವರೆಗೆ ರಾಜ್ಯದಲ್ಲಿ ಯಾರೂ ಪಾಯದ ಕಲ್ಲು ಇಡಕೂಡದೆಂದು ಅಪ್ಪಣೆ ಹೊರಡಿಸಿ, ಅವಳ ಹೆಸರಿಗೆ ಉಂಬಳಿ ಬರೆದುಕೊಟ್ಟ. ಸಂಗನಬಸಪ್ಪನಿಗೆ ಸಾವಿರವೇ ಸಿಕ್ಕಿತು.

ಸೆರೆಯ ಬಾಗಿಲಲ್ಲಿ ದುರುಗಪ್ಪ ಕಣ್ಣು ಕಿರಿದು ಮಾಡಿ ನಿಂತ. ತಂಗಿಯ ಅಂಗೈ ನೋಡಿದವನೇ ಕೇಳಿದ, "ಗರಸು ಎಷ್ಟು ಮೊಳಕ್ಕ ಹತ್ತಿತು?"

"ಒಂಬತ್ತು."

"ನಾ ಹೇಳಿರಲಿಲ್ಲೇನವ್ವಾ..." ಎಂದವನು ಅಲ್ಲೇ ನೆಲಕ್ಕೆ ಕೂತು ಅತ್ತುಬಿಟ್ಟ.